ಐದನೆಯ ಮಣೆ

ನಮ್ಮ ಮನೆಗೆ ದೇಶದ ಸುದ್ದಿ ಮಧ್ಯಾಹ್ನದ ಬಸ್ಸಿನಲ್ಲಿ ಬರುತ್ತಿತ್ತು. ಬೆಂಗಳೂರಿನಲ್ಲಿ ಅಚ್ಚಾದ ಇಂಗ್ಲಿಷ್ ಪೇಪರು ಚನ್ನರಾಯಪಟ್ಟಣದಲ್ಲಿ ಡ್ರೈವರನ ಕಾಫಿ ಮುಗಿಯುವವರೆಗೆ ಕಾದು, ಹಾಸನದ ಸ್ಟ್ಯಾಂಡಿನಲ್ಲಿ ಇಳಿದು, ಅಂಗಡಿಯವನ ಸೈಕಲ್ಲಿನ ಮೇಲೆ ಬಂದು ನಮ್ಮ ಜಗಲಿಗೆ ಬೀಳುವಾಗ ಒಂದೂವರೆ. ಆದರೆ ಅಪ್ಪ ಬರುವವರೆಗೆ ಅದರ ಮಡಿಕೆ ಬಿಚ್ಚುವಂತಿಲ್ಲ. ಅವರು ಸಂಜೆ ಕೆಲಸದಿಂದ ಬಂದು, ಕೋಟನ್ನು ಗೂಟಕ್ಕೆ ಹಾಕಿ, ಹಿತ್ತಿಲ ಕಲ್ಲಿನ ಮೇಲೆ ಕಾಲು ತೊಳೆದು, ನಡುಮನೆಯ ಕಂಬಕ್ಕೆ ಒರಗಿ ಕೂತ ಮೇಲೆ "ಜಯಾ, ಕಮ್" ಎನ್ನುತ್ತಿದ್ದರು. ನಾನು ಕಾನ್ವೆಂಟಿನ ಪ್ರೊನನ್ಸಿಯೇಷನ್ನಿನಲ್ಲಿ ಹೆಡ್‌ಲೈನ್ ಓದಬೇಕು, ಅವರು ಅದನ್ನು ಕನ್ನಡಕ್ಕೆ ತಿರುಗಿಸಿ ಒಳಗಿನವರಿಗೆ ಕೇಳುವಂತೆ ಗಟ್ಟಿಯಾಗಿ ಹೇಳಬೇಕು. ಅಡುಗೆಮನೆಯ ಹೊಸ್ತಿಲ ಆಚೆ ಅವ್ವ ಒಲೆ ಊದುತ್ತ, ಈಚೆ ಅಪ್ಪನ ತಾಯಿ, ನನ್ನ ಅಜ್ಜಿ, ಎಲೆ ಅಡಿಕೆ ಕುಟ್ಟುತ್ತ ಅದರ ವಿಚಾರಣೆ ನಡೆಸಬೇಕು. ಅದು ನಮ್ಮ ಮನೆಯ ಪಾರ್ಲಿಮೆಂಟು. ಕನ್ನಡದ ಜಿಲ್ಲೆಗಳೆಲ್ಲ ಸೇರಿ ಮೈಸೂರು ರಾಜ್ಯ ದೊಡ್ಡದಾಯಿತೆಂದು ಅಪ್ಪ ಹೇಳಿದ ಸಂಜೆ ಅಜ್ಜಿ ಕುಟ್ಟುವುದನ್ನು ನಿಲ್ಲಿಸಿದಳು.

"ಅಂಗಾದ್ರೆ ಇನ್ಮೇಲೆ ಜ್ವಾಳದ ರೊಟ್ಟಿ ತಟ್ಟೋ ಸೊಸೇರು ಬತ್ತಾರೇನ್ಲಾ ನಂಜ?"

"ಬಂದ್ರೆ ನಿಂಗೇನವ್ವ ಕಷ್ಟ? ನಿಂಗೆ ಹಲ್ಲೇ ಇಲ್ವಲ್ಲ," ಎಂದರು ಅಪ್ಪ.

"ಹಲ್ಲು ನಂಗಿಲ್ಲ ಕಣ್ಲಾ. ಬರೋಳಿಗೆ ಇರ್ತವಲ್ಲ."

ಕೇರಳದಲ್ಲಿ ಕೆಂಪು ಬಾವುಟದವರು ಗೆದ್ದು ಸರ್ಕಾರ ಮಾಡಿದರೆಂಬ ಸುದ್ದಿಗೆ ಅವ್ವ ಒಳಗಿನಿಂದ "ಅಲ್ಲಿ ಅಕ್ಕಿ ಸಿಗ್ತದಂತಾ?" ಎಂದು ಕೇಳಿದ್ದು ನೆನಪಿದೆ. ಅವ್ವನಿಗೆ ಯಾವ ದೇಶದ ಹೆಸರು ಹೇಳಿದರೂ ಮೊದಲು ಕೇಳುತ್ತಿದ್ದದ್ದು ಅಲ್ಲಿ ಏನು ಉಣ್ಣುತ್ತಾರೆ ಎಂದು. ಈಗ ನನ್ನ ಮೊಮ್ಮಕ್ಕಳಿಗೆ ಇದನ್ನು ಹೇಳಿದರೆ ಹೌ ಸ್ವೀಟ್ ಎನ್ನುತ್ತಾರೆ. ಸ್ವೀಟ್ ಏನೂ ಅಲ್ಲ, ಅದು ಬಹಳ ಪ್ರಾಕ್ಟಿಕಲ್ ಆದ ಪ್ರಶ್ನೆ. ಅವ್ವ ಅರಕಲಗೂಡಿನ ತುಂಬಿದ ಮನೆಯಿಂದ ಬಂದವಳು. ಯುದ್ಧದ ಕಾಲದ ರೇಷನ್ನಿನಲ್ಲಿ ಆ ಮನೆಯಲ್ಲೂ ರಾಗಿ ಅಳೆದು ಬೀಸಿದ್ದನ್ನು ಕಂಡಿದ್ದಳು. ಯುದ್ಧ ಮುಗಿದು ಹನ್ನೆರಡು ವರ್ಷವಾದರೂ ಅವಳ ಕೈ ಪಾತ್ರೆಯ ತಳ ಕೆರೆಯುವುದನ್ನು ಬಿಟ್ಟಿರಲಿಲ್ಲ.

ಅಪ್ಪ ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಸೂಪರ್ವೈಸರ್. ಊರಿನವರ ಬಾಯಲ್ಲಿ ಅದು ಬರೀ 'ವರ್ಕ್ಸು', ಅಪ್ಪ ಬರೀ 'ರೈಟ್ರು'. ಬಾಗೂರಿನ ಪಕ್ಕದ ಹಳ್ಳಿಯಲ್ಲಿ ನೇಗಿಲು ಹಿಡಿದ ಮನೆತನದಲ್ಲಿ ಮೊದಲ ಬಾರಿಗೆ ಕೋಟು ತೊಟ್ಟವರು ಅವರು. ತೋಟಗಳಿಂದ ಬಂದ ಕಾಫಿ ಅಲ್ಲಿ ಒಣಗಿ, ಸಿಪ್ಪೆ ಕಳಚಿ, ಕೊನೆಗೆ ಉದ್ದನೆಯ ಶೆಡ್ಡಿನಲ್ಲಿ ಸಾಲಾಗಿ ಕೂತ ಇನ್ನೂರು ಹೆಂಗಸರ ಮುಂದೆ ರಾಶಿ ಬೀಳುತ್ತಿತ್ತು. ಅವರು ಕರಿಬೀಜ, ಒಡಕು, ಹುಳ ತಿಂದದ್ದನ್ನು ಬೆರಳಿನಲ್ಲಿ ಆರಿಸಿ ತೆಗೆಯಬೇಕು. ಚೆನ್ನಾದದ್ದು ಹಡಗು ಹತ್ತಿ ಫಾರಿನ್ನಿಗೆ, ಒಡಕು ನಮ್ಮಂಥವರ ಅಡುಗೆಮನೆಗೆ. ಅಪ್ಪನ ಅಂಗಿಯಿಂದ ಸದಾ ಹಸಿ ಕಾಫಿಯ ಸಿಪ್ಪೆಯ ಘಾಟು ಬರುತ್ತಿತ್ತು, ಒಣ ಹುಲ್ಲಿಗೆ ಸ್ವಲ್ಪ ಹುಳಿ ಬೆರೆತ ಹಾಗೆ. ಸೂಯೆಜ್ ಕಾಲುವೆ ಮುಚ್ಚಿದ ಸುದ್ದಿ ಬಂದಾಗ ನಮ್ಮ ಬೀದಿಯಲ್ಲಿ ಅದರಿಂದ ಕಂಗಾಲಾದ ಮನುಷ್ಯ ಅಪ್ಪ ಒಬ್ಬರೇ ಇರಬೇಕು. ಹಡಗು ನಿಂತರೆ ಗೋಡೌನು ತುಂಬುತ್ತದೆ, ಗೋಡೌನು ತುಂಬಿದರೆ ಹೆಂಗಸರನ್ನು ಮನೆಗೆ ಕಳಿಸಬೇಕು, ಕಳಿಸುವ ಮಾತನ್ನು ಹೇಳಬೇಕಾದವರು ಅಪ್ಪ. ಆ ಕೆಲಸವೇ ಹಾಗಿತ್ತು. ಸೀಸನ್ ಮುಗಿದರೆ ಎಲ್ಲರಿಗೂ ರಜ. ಮುಂದಿನ ಸೀಸನ್ನಿಗೆ ಯಾರನ್ನು ಕರೆಯಬೇಕು, ಯಾರನ್ನು ಬಿಡಬೇಕು ಎಂಬುದು ರೈಟರ ನೋಟ್‌ಬುಕ್ಕಿನಲ್ಲಿ. ಹತ್ತು ವರ್ಷ ಆರಿಸಿದವಳಿಗೂ ಹನ್ನೊಂದನೆಯ ವರ್ಷ ಕರೆ ಬಂದೇ ಬರುತ್ತದೆಂಬ ಗ್ಯಾರಂಟಿ ಇರಲಿಲ್ಲ.

ಆ ಇನ್ನೂರು ಜನರಲ್ಲಿ ಒಬ್ಬಳು ಸಣ್ಣಮ್ಮ. ಹೆಸರಿಗೆ ಸಣ್ಣಮ್ಮ, ಆಳು ಎತ್ತರ, ದನಿ ಇನ್ನೂ ಎತ್ತರ. ನನಗೆ ಎರಡು ವರ್ಷವಾಗಿದ್ದಾಗ ಅವ್ವನಿಗೆ ಟೈಫಾಯಿಡ್ ಬಂತಂತೆ. ಅಜ್ಜಿ ಆಗಿನ್ನೂ ಹಳ್ಳಿಯಲ್ಲಿದ್ದಳು. ಹೊಸ ಊರು, ಬಾಡಿಗೆ ಮನೆ, ಒಬ್ಬರ ಗುರುತಿಲ್ಲ. ಅಪ್ಪ ಶೆಡ್ಡಿನಲ್ಲಿ ಯಾರಿಗೋ ಹೇಳಿದ್ದನ್ನು ಕೇಳಿಸಿಕೊಂಡ ಸಣ್ಣಮ್ಮ ಅವತ್ತು ಸಂಜೆಯೇ ಬಂದವಳು ಒಂದು ತಿಂಗಳು ದಿನವೂ ಕೆಲಸ ಮುಗಿಸಿ ಬಂದು, ನನ್ನನ್ನು ಸೊಂಟಕ್ಕೆ ಹಾಕಿಕೊಂಡೇ ಗಂಜಿ ಬೇಯಿಸಿ, ಬಟ್ಟೆ ಒಗೆದು ಹೋಗುತ್ತಿದ್ದಳಂತೆ. ಆ ವರ್ಷದ ಗೌರಿ ಹಬ್ಬದಿಂದ ಅವ್ವ ಕೊಡುವ ಐದು ಬಾಗಿನಗಳಲ್ಲಿ ಒಂದು ಸಣ್ಣಮ್ಮನದು. ಎರಡು ಮೊರಗಳ ನಡುವೆ ಅಕ್ಕಿ, ಬೇಳೆ, ಬೆಲ್ಲ, ಬಳೆ, ರವಿಕೆ ಕಣ, ಕನ್ನಡಿ ಇಟ್ಟು, ಸೆರಗು ಮುಚ್ಚಿ, ಮುತ್ತೈದೆಯ ಸೆರಗಿಗೆ ತಾಗಿಸಿ ಕೊಡುವ ಆ ಬಾಗಿನದಲ್ಲಿ ಒಂದು ವಿಶೇಷವಿದೆ: ತೆಗೆದುಕೊಳ್ಳಲು ಇನ್ನೊಬ್ಬಳು ಬಂದು ಎದುರಿಗೆ ಕೂರದಿದ್ದರೆ ಕೊಡುವವಳ ಪೂಜೆಯೇ ಪೂರ್ತಿಯಾಗುವುದಿಲ್ಲ. ನಾಲ್ವರು ನಮ್ಮ ಬೀದಿಯವರು. ಅವರಿಗೆ ನಡುಮನೆಯಲ್ಲಿ ಮಣೆ. ಸಣ್ಣಮ್ಮನ ಕೇರಿ ಬೇರೆ. ಅವಳಿಗೆ ಮಣೆ ಹೊರಗೆ ಜಗಲಿಯ ಮೇಲೆ. ಅಜ್ಜಿ ಹಳ್ಳಿಯಿಂದ ಬಂದು ಸೇರಿದ ಮೇಲೆ ಆದ ಏರ್ಪಾಡು ಅದು. ಸಣ್ಣಮ್ಮ ಅದರ ಬಗ್ಗೆ ಏನೂ ಅಂದದ್ದು ನಾನು ಕೇಳಿಲ್ಲ. ಟು ಬಿ ಫ್ರಾಂಕ್, ನನಗೂ ಅದರಲ್ಲಿ ಏನೂ ವಿಚಿತ್ರ ಕಂಡಿರಲಿಲ್ಲ. ಕಂಬ ಇರುವ ಕಡೆ ಕಂಬ, ಸಣ್ಣಮ್ಮ ಕೂರುವ ಕಡೆ ಸಣ್ಣಮ್ಮ.

ಕೇರಳದ ಸುದ್ದಿ ಓದಿದ ವರ್ಷವೇ, ಗೌರಿ ಹಬ್ಬಕ್ಕೆ ಎಂಟು ಹತ್ತು ದಿನ ಇರುವಾಗ, ವರ್ಕ್ಸಿನ ಹೆಂಗಸರು ಕೆಲಸ ನಿಲ್ಲಿಸಿ ಗೇಟಿನೆದುರು ಆಲದ ಮರದ ಕೆಳಗೆ ಕೂತರು. ಹತ್ತಿಪ್ಪತ್ತು ದಿನದಲ್ಲಿ ಸೀಸನ್ ಮುಗಿಯುವುದಿತ್ತು. ಅವರ ಬೇಡಿಕೆ ಒಂದೇ: ಈ ವರ್ಷ ಆರಿಸಿದವರನ್ನೆಲ್ಲ ಮುಂದಿನ ವರ್ಷವೂ ಕರೆಯಬೇಕು, ರೈಟರ ಮರ್ಜಿಗೆ ಬಿಡಬಾರದು. ಅಷ್ಟು ದಿನ ಪೇಪರಿನಲ್ಲಿ ಕೋಲಾರ, ಬಾಂಬೆ, ಕಲ್ಕತ್ತ ಎಂದು ಬರುತ್ತಿದ್ದ 'ಸ್ಟ್ರೈಕ್' ಎಂಬ ಶಬ್ದ ನಮ್ಮ ಮನೆಯಿಂದ ಹತ್ತು ನಿಮಿಷದ ನಡಿಗೆಯಲ್ಲಿ ಬಂದು ಕೂತಿತು. ಆ ವಾರ ಅಪ್ಪ ಪೇಪರ್ ಓದಿಸಿದರು, ಆದರೆ ಕನ್ನಡ ಮಾಡಿ ಹೇಳಲಿಲ್ಲ. ಒಂದು ಸಂಜೆ ಅವ್ವ ಮೊರಗಳಿಗೆ ಅರಿಶಿನ ಬಳಿಯುತ್ತ ಕೂತಿದ್ದಳು. ತಲೆ ಎತ್ತದೆ ಹೇಳಿದಳು:

"ಈ ಸಲ ಅವ್ಳೂ ಒಳಗೇ ಕೂರ್ಲಿ ಅತ್ತೆ."

"ಯಾರು?"

"ಸಣ್ಣಮ್ಮ."

"ನಿಮ್ಮ ಅರಕಲಗೂಡಲ್ಲಿ ಅಂಗೆ ನಡೀತದಾ?"

"ಅಲ್ಲೂ ನಡಿಯಲ್ಲ. ಇಲ್ಲಿ ನಾನು ಮಾಡ್ತೀನಿ. ನಾನು ಉಚ್ಚೆಗೂ ಏಳಕ್ಕಾಗದೆ ಮಲಗಿದ್ದಾಗ ಅವ್ಳು ಜಗಲೀಲಿ ನಿಂತು ನನ್ನ ನೋಡ್ಕಳ್ಲಿಲ್ಲ."

ಅಜ್ಜಿ ಮಗನ ಕಡೆ ತಿರುಗಿದಳು. "ಇವ್ಳಿಗೆ ಕೇಳಂಗೆ ಪೇಪರ್ ಓದ್ಬ್ಯಾಡ ಅಂತ ನಾನು ಆವತ್ತೇ ಬಡ್ಕಂಡೆ."

ಅಪ್ಪ ನಗಲಿಲ್ಲ. "ಒಳಗೂ ಬೇಡ, ಹೊರಗೂ ಬೇಡ. ಈ ವರ್ಷ ಅವಳನ್ನ ಕರೀಲೇ ಬೇಡ. ದಿನಾ ಗೇಟಲ್ಲಿ ನಿಂತು ನನ್ನ ಮ್ಯಾಲೇ ಕೂಗ್ತಾ ಅವ್ಳೆ. ಗಲಾಟೆ ಎಬ್ಬಿಸಿದೋರು ಯಾರು, ಐದು ಹೆಸರು ಬರ್ದು ಕೊಡು ಅಂತ ಮ್ಯಾನೇಜರ್ ಮೂರು ದಿನದಿಂದ ನನ್ನ ತಲೆ ತಿಂತಾವ್ನೆ. ಬರೀಬೇಕು ಅಂದ್ರೆ ಮೊದಲ್ನೇದು ಅವಳ ಹೆಸರೇ."

"ಬರದ್ರಾ?" ಅವ್ವನ ಕೈ ನಿಂತಿತು.

"ಇನ್ನೂ ಇಲ್ಲ."

"ಅವ್ಳು ನಿಮ್ಮ ಮ್ಯಾಲೆ ಕೂಗೋದು ವರ್ಕ್ಸಿನ ಜಗಳ. ಗೌರಿ ನಮ್ಮನೇದು. ಕರುದ್ರೆ ಬತ್ತಾಳೆ."

"ಬತ್ತಾಳಾ?"

"ಬತ್ತಾಳೆ."

ಅಪ್ಪ ಪೇಪರನ್ನು ಮಡಿಸಿದರು, ಮತ್ತೆ ಬಿಚ್ಚಿದರು. "ಬರ್ಲಿ ನೋಡ್ವ. ಬಂದು ನಮ್ಮನೇಲಿ ಕೂತ್ಲು ಅಂದ್ರೆ ನಾನು ಅವಳ ಹೆಸ್ರು ಬರಿಯಾಕಿಲ್ಲ. ಮ್ಯಾನೇಜರ್ ಏನಾದ್ರೂ ಅಂದ್ಕಳ್ಲಿ."

ಕಂಬದ ಇನ್ನೊಂದು ಬದಿಯಲ್ಲಿ ಕೂತು ನಾನು ಮಲ್ಟಿಪ್ಲಿಕೇಷನ್ ಮಾಡುತ್ತಿದ್ದೆ. ಎಲ್ಲವೂ ಕಿವಿಗೆ ಬಿತ್ತು. ಹೆಸರು ಬರೆದರೆ ಏನಾಗುತ್ತದೆ ಎಂದು ಹತ್ತು ವರ್ಷದ ತಲೆಗೆ ಹೊಳೆಯಲಿಲ್ಲ. ಹೆಸರು ಬರೆಯುವುದೆಂದರೆ ನಮ್ಮ ಕ್ಲಾಸಿನಲ್ಲಿ ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವುದು. ಸಿಸ್ಟರ್ ಬಂದು ಗದರಿ ಒರೆಸಿಬಿಡುತ್ತಿದ್ದರು. ನನ್ನ ಎದೆಯಲ್ಲಿ ನಿಂತದ್ದು ಒಂದೇ ಮಾತು: ಸಣ್ಣಮ್ಮ ದಿನಾ ಗೇಟಲ್ಲಿ ನಿಂತು ಅಪ್ಪನ ಮೇಲೆ ಕೂಗುತ್ತಾಳೆ.

ಹಬ್ಬದ ಹಿಂದಿನ ದಿನ ಬಾಗಿನಕ್ಕೆ ಕರೆಯಲು ಹೋಗುವುದು ಮನೆಯ ಹೆಣ್ಣುಮಗುವಿನ ಕೆಲಸ. ಕೈಯಲ್ಲಿ ಕುಂಕುಮದ ಭರಣಿ ಹಿಡಿದು, ಒಂದೊಂದೇ ಮನೆಯ ಹೊಸ್ತಿಲಲ್ಲಿ ನಿಂತು, ಆ ಮನೆಯಾಕೆಯ ಹಣೆಗೆ ಕುಂಕುಮವಿಟ್ಟು "ನಾಳೆ ನಮ್ಮನೇಗೆ ಬಾಗಿನಕ್ಕೆ ಬರಬೇಕಂತೆ" ಎನ್ನಬೇಕು. ಹೀಗೆ ಕರೆಯದೆ ಯಾರೂ ಬರುವುದಿಲ್ಲ. ಪಕ್ಕದ ಮನೆಯವಳೇ ಆದರೂ, ವರ್ಷವೂ ಬರುವವಳೇ ಆದರೂ, ಕರೆ ಬರದಿದ್ದರೆ ತಾನಾಗಿ ಬಂದು ಮಣೆಯ ಮೇಲೆ ಕೂರುವ ಪದ್ಧತಿ ಇಲ್ಲ. ಅವ್ವ ನನಗೆ ಜಡೆ ಹಾಕಿ, ರೇಷ್ಮೆ ಲಂಗ ಉಡಿಸಿ ಕಳಿಸಿದಳು. ಲಂಗದ ಕೆಳಗೆ ಕಾನ್ವೆಂಟಿನ ಕರಿ ಶೂ. ಬೇರೆ ಚಪ್ಪಲಿ ಇರಲಿಲ್ಲ, ಮತ್ತು ಶೂ ಹಾಕಿದರೆ ನಾನು ಸ್ವಲ್ಪ ಎತ್ತರ ಕಾಣುತ್ತೇನೆಂದು ನನಗೆ ನಂಬಿಕೆ. ನಾಲ್ಕು ಮನೆ ಸಲೀಸಾಗಿ ಮುಗಿಯಿತು. ಒಂದು ಮನೆಯಲ್ಲಿ ಬಾಳೆಹಣ್ಣು, ಇನ್ನೊಂದರಲ್ಲಿ ಕೊಬ್ಬರಿ ಸಕ್ಕರೆ ಕೊಟ್ಟರು. ಐದನೆಯದಕ್ಕೆ ಸಂತೆಪೇಟೆ ದಾಟಿ ಹೋಗಬೇಕು, ದಾರಿ ವರ್ಕ್ಸಿನ ಗೇಟಿನ ಮುಂದೆ.

ಆಲದ ಮರದ ಕೆಳಗೆ ಹೆಂಗಸರು ತುಂಬಿಕೊಂಡಿದ್ದರು. ಕೆಲವರು ಎಲೆ ಅಡಿಕೆ ಹಾಕುತ್ತ, ಕೆಲವರು ಹಬ್ಬಕ್ಕೆ ಹೂ ಕಟ್ಟುತ್ತ ಕೂತಿದ್ದರು. ಒಬ್ಬಳು ಎದ್ದು ನಿಂತು ಕೈ ಎತ್ತಿ ಕೂಗುತ್ತಿದ್ದಳು. ಆ ದನಿ ಯಾರದೆಂದು ನಾನು ಯೋಚಿಸಬೇಕಾಗಿರಲಿಲ್ಲ.

"ರೈಟ್ರ ದರ್ಬಾರು?"

"ನಡಿಯಾಕಿಲ್ಲ."

"ಅವ್ರು ಕರುದ್ರೆ ಉಂಟು, ಕರೀದಿದ್ರೆ ಇಲ್ಲ?"

"ನಡಿಯಾಕಿಲ್ಲ."

ಕೂಗುತ್ತ ಅವಳು ನಗುತ್ತಲೂ ಇದ್ದಳು. ಪಕ್ಕದಲ್ಲಿ ಕೂತ ಕೆಂಪಮ್ಮ ಎಂಬವಳು ಏನೋ ಹೇಳಿದ್ದಕ್ಕೆ ಬಾಗಿ ಅವಳ ಬೆನ್ನಿಗೆ ಗುದ್ದಿ ನಕ್ಕಳು. ಅದೇ ನನಗೆ ತಡೆಯಲಾಗದೆ ಹೋದದ್ದು. ಸಿಟ್ಟಿನಿಂದ ಬೈದಿದ್ದರೆ ಹೆದರಿ ಸುಮ್ಮನಾಗುತ್ತಿದ್ದೆನೋ ಏನೋ. ನನ್ನನ್ನು ಸೊಂಟದಲ್ಲಿ ಹೊತ್ತವಳು ನನ್ನ ಅಪ್ಪನ ಮೇಲೆ ಬೀದಿಯಲ್ಲಿ ಹಾಡಿನ ಹಾಗೆ ಕೂಗುತ್ತ ನಗುತ್ತಿದ್ದಾಳೆ. ನಾನು ಮರದ ತನಕ ಹೋಗಲಿಲ್ಲ. ಭರಣಿಯನ್ನು ಲಂಗದ ಮಡಿಕೆಯಲ್ಲಿ ಮುಚ್ಚಿ ಹಿಂದಕ್ಕೆ ತಿರುಗಿದೆ. ಮನೆಯಲ್ಲಿ ಅವ್ವ ಕಡುಬಿಗೆ ಹೂರಣ ತಿರುಗಿಸುತ್ತಿದ್ದಳು.

"ಎಲ್ಲಾರ್ನೂ ಕರ್ದಾ?"

"ಹೂಂ."

"ಸಣ್ಣಮ್ಮನ್ನ?"

"ಕರ್ದೆ."

"ಏನಂದ್ಲು?"

ಇಲ್ಲಿ ಒಂದು ಕ್ಷಣ ಇತ್ತು. ಸಿಗಲಿಲ್ಲ ಎಂದಿದ್ದರೆ ಸಾಕಿತ್ತು, ಅವ್ವ ತಾನೇ ಎದ್ದು ಹೋಗುತ್ತಿದ್ದಳು. ನಾನು ಬಾಯಿಗೆ ಬಂದದ್ದನ್ನು ಹೇಳಿದೆ. "ಬತ್ತೀನಿ ಅಂದ್ಲು."

ಅವ್ವನ ಮುಖ ಎಷ್ಟು ಹಗುರಾಯಿತೆಂದರೆ, ಬಟ್ಟಲಿನಿಂದ ಒಂದು ಉಂಡೆ ಹೂರಣ ತೆಗೆದು ನನ್ನ ಬಾಯಿಗೆ ಹಾಕಿದಳು. ದೇವರಿಗೆ ಇಡುವ ಮೊದಲು ನಮ್ಮ ಮನೆಯಲ್ಲಿ ಹಾಗೆ ಯಾರಿಗೂ ಕೊಡುವುದಿಲ್ಲ.

ಹಬ್ಬದ ದಿನ ನಡುಮನೆಯಲ್ಲಿ ಐದು ಮಣೆ. ಅಜ್ಜಿ ಐದನೆಯದನ್ನು ನೋಡಿ, ತಾನೇ ಅದರ ಮುಂದೆ ಒಂದು ಎಳೆ ರಂಗೋಲಿ ಎಳೆದು ಹೋದಳು. ಅಜ್ಜಿಯ ಮಟ್ಟಿಗೆ ಅದು ದೊಡ್ಡ ಮಾತು. ಹನ್ನೊಂದಕ್ಕೆ ನಾಲ್ವರು ಬಂದರು, ಕಾಲಿಗೆ ಅರಿಶಿನ ಹಚ್ಚಿಸಿಕೊಂಡರು, ಬಾಗಿನ ತೆಗೆದುಕೊಂಡರು, ತಿಂಡಿ ತಿಂದರು, ಹರಟೆ ಹೊಡೆದು ಹೋದರು. ಹೋಗುವಾಗ ಒಬ್ಬಾಕೆ "ಇದು ಯಾರ್ಗೆ?" ಎಂದು ಖಾಲಿ ಮಣೆಯನ್ನು ತೋರಿಸಿ ಕೇಳಿದಳು. "ಬತ್ತಾರೆ," ಎಂದಳು ಅವ್ವ. ಒಂದಾಯಿತು, ಎರಡಾಯಿತು. ಬಾಗಿನ ಪೂರ್ತಿ ಕೊಡುವವರೆಗೆ ಅವ್ವ ಊಟ ಮಾಡುವಂತಿಲ್ಲ. ಅವಳು ಬಾಗಿಲಿಗೂ ಒಲೆಗೂ ಓಡಾಡಿದಳು. ನಾನು ಹೊಟ್ಟೆನೋವೆಂದು ಹೇಳಿ ಕೋಣೆಯಲ್ಲಿ ಮಲಗಿದೆ. ಸಂಜೆ ಅಪ್ಪ ಬಂದು ಕಾಲು ತೊಳೆದು, ನಡುಮನೆಗೆ ಕಾಲಿಟ್ಟವರು ಮಣೆಯನ್ನೂ, ಅದರ ಪಕ್ಕದ ಮೊರವನ್ನೂ, ಅವ್ವನ ಮುಖವನ್ನೂ ನೋಡಿದರು.

"ಬರ್ತೀನಿ ಅಂದಿದ್ಲಂತಲ್ಲ?"

ಅವ್ವ ಒಲೆಯ ಕಡೆ ತಿರುಗಿದಳು.

"ಬರಾಕಿಲ್ಲ ಅಂದಿದ್ರೆ ಅದೊಂದು ಥರ. ಬತ್ತೀನಿ ಅಂತೇಳಿ ಹಬ್ಬದ ದಿನ ನಿನ್ನ ಉಪವಾಸ ಕೂರಿಸ್ಬೇಕಿತ್ತಾ ಅವಳು?"

ಅಜ್ಜಿ ಎದ್ದು ಮಣೆಯನ್ನು ಗೋಡೆಗೆ ನಿಲ್ಲಿಸಿದಳು. ಚುಚ್ಚಿ ಆಡಲು ಅವಳಿಗೆ ಇದಕ್ಕಿಂತ ಒಳ್ಳೆಯ ದಿನ ಸಿಗುತ್ತಿರಲಿಲ್ಲ. "ಉಣ್ಣು ನಡಿ ತಾಯಿ," ಎಂದಳು ಸೊಸೆಗೆ, ಅಷ್ಟೆ. ಮರುದಿನ ಗಣೇಶನ ಹಬ್ಬ. ಬೆಳಿಗ್ಗೆ ಪೂಜೆ ಮುಗಿದ ಮೇಲೆ ಅಪ್ಪ ಇಂಕಿನ ಬಾಟಲಿ ತೆಗೆದು, ಕಂಬಕ್ಕೆ ಒರಗಿ, ತೊಡೆಯ ಮೇಲೆ ಪ್ಯಾಡು ಇಟ್ಟುಕೊಂಡು ಐದು ಸಾಲು ಬರೆದರು. ನಾನು ದೂರದಿಂದಲೇ ಎಣಿಸಿದೆ.

ಹಬ್ಬ ಮುಗಿದು ಸ್ಕೂಲ್ ತೆರೆಯಿತು. ಅದೇ ವಾರ ಸ್ಟ್ರೈಕೂ ಮುಗಿಯಿತು. ಎಲ್ಲರನ್ನೂ ಮುಂದಿನ ಸೀಸನ್ನಿಗೆ ಕರೆಯುತ್ತೇವೆಂದು ಹೆಡ್ ಆಫೀಸಿನವರು ಒಪ್ಪಿದರಂತೆ, ಐದು ಜನರನ್ನು ಬಿಟ್ಟು. ಇದನ್ನು ಅಪ್ಪ ಊಟದ ಹೊತ್ತಿಗೆ ತಟ್ಟೆ ನೋಡುತ್ತ ಹೇಳಿದರು. ಹೆಸರು ಬರೆಯುವುದೆಂದರೆ ಏನೆಂದು ನನಗೆ ಗೊತ್ತಾದದ್ದು ಆಗ. ನಮ್ಮ ಕಾನ್ವೆಂಟಿನಲ್ಲಿ ಕ್ಯಾಥೊಲಿಕ್ ಹುಡುಗಿಯರು ಶುಕ್ರವಾರ ಚಾಪೆಲ್ಲಿಗೆ ಕನ್ಫೆಶನ್ನಿಗೆ ಹೋಗುತ್ತಿದ್ದರು. ನಾವು ಉಳಿದವರು ಮೈದಾನದಲ್ಲಿ ಕುಂಟೆಬಿಲ್ಲೆ ಆಡಬೇಕು. ಮುಖ ಸಣ್ಣಗೆ ಮಾಡಿಕೊಂಡು ಒಳಗೆ ಹೋದ ಹುಡುಗಿಯರು ಐದೇ ನಿಮಿಷದಲ್ಲಿ ನಗುತ್ತ ಓಡಿ ಬರುವುದನ್ನು ಕಂಡು ನನಗೆ ಹೊಟ್ಟೆಕಿಚ್ಚು. ಆ ಶುಕ್ರವಾರ ನನ್ನ ಬೆಂಚಿನ ಫಿಲೋಮಿನಾಳನ್ನು ಹಿಡಿದುಕೊಂಡೆ. ಅವಳು ಮಂಗಳೂರಿನ ಕಡೆಯವಳು. ನಿನ್ನ ಪಾಪಗಳ ಜೊತೆ ನನ್ನದೊಂದನ್ನೂ ಸೇರಿಸಿ ಹೇಳಿಬಿಡು ಎಂದು ಬೇಡಿದೆ. ಟಿಫಿನ್ ಡಬ್ಬಿಯಲ್ಲಿದ್ದ ಹಬ್ಬದ ಮೂರು ಕರ್ಜಿಕಾಯಿಗೆ ಅವಳು ಒಪ್ಪಿದಳು. ಅವಳು ಹೊರಬರುವವರೆಗೆ ನಾನು ಮೆಟ್ಟಿಲ ಮೇಲೆ ಕೂತಿದ್ದೆ.

"ಫಾದರ್ ಮೊದ್ಲು ನಗಾಡಿದ್ರು ಮಾರಾಯ್ತಿ," ಎಂದಳು. "ಮತ್ತೆ ಹೇಳಿದ್ರು, ಪಾಪ ಬೇರೆಯವರ ಕೈಯಲ್ಲಿ ಕಳಿಸ್ಲಿಕ್ಕೆ ಆಗುದಿಲ್ಲ ಅಂತ. ನೀನು ಸುಳ್ಳು ಹೇಳಿದ್ದು ಯಾರಿಗೆ, ಅವರಿಗೇ ಹೋಗಿ ಹೇಳ್ಬೇಕಂತೆ."

"ಹಾಗಾದ್ರೆ ಕರ್ಜಿಕಾಯಿ ವಾಪಸ್ ಕೊಡು."

"ಅದು ತಿಂದಾಯ್ತಲ್ಲ."

ಮನೆಗೆ ಹೋಗಿ ಶೂ ಕೂಡ ಬಿಚ್ಚದೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಹೇಳಿದೆ. ಅವ್ವ ಹೊಡೆಯಲಿಲ್ಲ. ಒಲೆಯ ಕೊಳ್ಳಿಯನ್ನು ಹಿಂದಕ್ಕೆ ಎಳೆದು, ನೀರು ಚಿಮುಕಿಸಿ ಆರಿಸಿದಳು. ಸಂಜೆಯ ಅಡುಗೆಯ ಹೊತ್ತಿನಲ್ಲಿ ಒಲೆ ಆರಿಸಿದ್ದನ್ನು ನಾನು ಅದೊಂದೇ ಸಲ ಕಂಡದ್ದು. ಅಪ್ಪ ಬಂದ ಕೂಡಲೇ ಅವರು ಕೋಟು ಬಿಚ್ಚುವ ಮುಂಚೆ ಹೇಳಿದಳು. ಅಪ್ಪ ನನ್ನನ್ನು ನೋಡಿದರು, ತಿರುಗಿ ಅದೇ ಕಾಲಲ್ಲಿ ಮ್ಯಾನೇಜರರ ಬಂಗಲೆಗೆ ಹೋದರು. ಅರ್ಧ ಗಂಟೆಯಲ್ಲಿ ವಾಪಸ್ ಬಂದು ಜಗಲಿಯ ಮೇಲೇ ಕೂತರು.

"ಲಿಸ್ಟು ಟಪಾಲಲ್ಲಿ ಹೆಡ್ ಆಫೀಸಿಗೆ ಹೋಗಾಗಿದೆ. ಟೆಲಿಗ್ರಾಂ ಕೊಡಿ ಸಾರ್ ಅಂದೆ. 'ಮಿಸ್ಟರ್ ಗೌಡ, ನೀವು ಯಾರ ಕಡೆ?' ಅಂದ."

"ನೀವೇನಂದ್ರಿ?" ಎಂದಳು ಅವ್ವ.

"ಏನನ್ಲಿ? ಎದ್ದು ಬಂದೆ."

ಮರುದಿನ ಬೆಳಿಗ್ಗೆ ಅವ್ವ ಉಳಿದಿದ್ದ ಬಾಗಿನದ ಮೊರ ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ನನ್ನ ರಟ್ಟೆ ಹಿಡಿದು ಹೊರಟಳು. ಗೌರಿಯನ್ನು ಕಳಿಸಿಯಾಗಿತ್ತು, ಇನ್ನು ಅದು ಬಾಗಿನವಲ್ಲ ಎಂದು ಅಜ್ಜಿ ಮೆಲ್ಲಗೆ ಹೇಳಿದ್ದು ಅವಳಿಗೆ ಕೇಳಿಸಿತೋ ಇಲ್ಲವೋ. ಸಂತೆಪೇಟೆ ದಾಟಿ, ನಾನು ಎಂದೂ ಒಳಗೆ ಹೋಗಿರದ ಕೇರಿ. ಸಣ್ಣಮ್ಮ ಬಾಗಿಲಲ್ಲಿ ಸೊಪ್ಪು ಸೋಸುತ್ತಿದ್ದವಳು ಎದ್ದು ನಿಂತಳು. ಕೈ ತುಂಬ ಹೊಸ ಹಸಿರು ಬಳೆ. ಒಳಗೆ ಕೂರಲು ಏನಾದರೂ ಇದೆಯೇ ಎಂದು ಅವಳು ಗಾಬರಿಯಿಂದ ಹುಡುಕುವಷ್ಟರಲ್ಲಿ ಅವ್ವ ಸಾರಿಸಿದ ನೆಲದ ಮೇಲೆ ಕೂತುಬಿಟ್ಟಳು. ನನ್ನನ್ನು ಮುಂದಕ್ಕೆ ತಳ್ಳಿದಳು.

"ಹೇಳು."

ನಾನು ಹೇಳಿದೆ. ಮರದ ತನಕ ಬಂದು ಹಿಂದಿರುಗಿದ್ದು, ಕರೆದೆ ಎಂದದ್ದು, ಬತ್ತೀನಿ ಅಂದ್ಲು ಎಂದದ್ದು. ಅಪ್ಪ ಅದಕ್ಕೇ ಹೆಸರು ಬರೆದದ್ದು ಎಂಬುದನ್ನು ಅವ್ವ ಹೇಳಿದಳು, ಒಂದು ಮಾತೂ ಬಿಡದೆ. ಸಣ್ಣಮ್ಮ ಸೊಪ್ಪಿನ ಕಂತೆಯನ್ನು ಕೈಯಲ್ಲೇ ಹಿಡಿದು ಕೇಳಿದಳು. ಆಮೇಲೆ ನನ್ನ ಮುಖವನ್ನು ನೋಡಿ, ನಿಧಾನವಾಗಿ ಸೊಪ್ಪನ್ನು ಕೆಳಗಿಟ್ಟಳು.

"ಅಯ್ಯ, ಅಷ್ಟೇನಾ? ಕೂಸು ಕರ್ದಿದ್ರೂ ನಾನೇನು ಬತ್ತಿರಲಿಲ್ಲ ಕಣವ್ವ. ಗೇಟಲ್ಲಿ ನಾವೆಲ್ಲ ಮಾತಾಡ್ಕಂಡಿದ್ವಿ, ಜಗಳ ಮುಗಿಯೋಗಂಟ ರೈಟ್ರು ಮನೆ ಮೆಟ್ಲು ಹತ್ತಾಕಿಲ್ಲ ಅಂತ."

"ಹಬ್ಬಕ್ಕೂವಾ?" ಅವ್ವ ಅವಳನ್ನೇ ನೋಡಿದಳು.

"ಹಬ್ಬಕ್ಕೂವೆ. ರೈಟ್ರು ಹೆಸರು ಬರ್ದಿದ್ದು ಸುಳ್ಳೇನಲ್ಲವಲ್ಲ, ಕೂಗಿದ್ದು ನಾನೇ ತಾನೆ? ಮಗೀಗೆ ಯಾಕೆ ಅಷ್ಟು ಅಂಜಿಸಿದ್ದೀರಿ, ನೋಡಿ ಎಂಗೆ ನಡುಗ್ತಾ ಅದೆ."

ಅವ್ವ ಒಂದು ದೊಡ್ಡ ಉಸಿರು ಬಿಟ್ಟಳು. ಸೆರಗು ಮುಚ್ಚಿ ಮೊರವನ್ನು ಮುಂದಕ್ಕೆ ಚಾಚಿದಳು. ಸಣ್ಣಮ್ಮ ಕೈಯನ್ನು ಸೀರೆಗೆ ಒರೆಸಿಕೊಂಡು, ತನ್ನ ಸೆರಗನ್ನೂ ಹೊದಿಸಿ, ಎದುರಿಗೆ ಕೂತು ತೆಗೆದುಕೊಂಡಳು. ಬರುವ ದಾರಿಯಲ್ಲಿ ಅವ್ವ ನನ್ನ ರಟ್ಟೆ ಬಿಟ್ಟು ಬೆರಳು ಹಿಡಿದಳು. ಆದರೆ ಅಪ್ಪ ಅವತ್ತು ಸಂಜೆಯಿಂದ ಪೇಪರನ್ನು ತಾವೇ ಬಿಚ್ಚಿ ಓದಿಕೊಳ್ಳತೊಡಗಿದರು. ರಷ್ಯದವರು ಆಕಾಶಕ್ಕೆ ಒಂದು ಚಂದ್ರನನ್ನು ಹಾರಿಸಿದ್ದು ನನಗೆ ಸ್ಕೂಲಿನಲ್ಲಿ ಗೊತ್ತಾಯಿತು. ಎಷ್ಟೋ ವಾರಗಳ ನಂತರ ಒಂದು ದಿನ "ಜಯಾ" ಎಂದರು, ಕನ್ನಡಕ ಎಲ್ಲಿ ಎಂದು ಕೇಳಲು. ನಾನು ಕನ್ನಡಕ ತಂದುಕೊಟ್ಟು ಅಲ್ಲೇ ನಿಂತೆ. ಸ್ವಲ್ಪ ಹೊತ್ತಿನ ಮೇಲೆ ಅವರು ಪೇಪರನ್ನು ನನ್ನ ಕಡೆ ತಿರುಗಿಸಿದರು.

ಜನವರಿಯಲ್ಲಿ ಹೊಸ ಸೀಸನ್ನಿಗೆ ಎಲ್ಲರಿಗೂ ಕರೆ ಹೋಯಿತು, ಆ ಐವರಿಗೆ ಹೋಗಲಿಲ್ಲ. ಸಣ್ಣಮ್ಮ ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಸೊಪ್ಪು ಇಟ್ಟುಕೊಂಡು ಕೂತಳು. ಗೌರಿ ಹಬ್ಬಕ್ಕೆ ವರ್ಷವೂ ಬಂದಳು, ನಾನೇ ಹೋಗಿ ಕರೆದೆ, ನಡುಮನೆಯಲ್ಲೇ ಕೂತಳು. ಅಪ್ಪ ಆ ಹೊತ್ತಿಗೆ ಯಾವಾಗಲೂ ಹಿತ್ತಿಲಲ್ಲಿ ಏನಾದರೂ ಕೆಲಸ ಹಚ್ಚಿಕೊಂಡಿರುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅವಳು ಮಗಳ ಊರಿಗೆ, ಹೊಳೆನರಸೀಪುರದ ಕಡೆಗೆ ಹೋದಳು. ನಾನು ಮದುವೆಯಾಗಿ ಅದೇ ಹೊಳೆನರಸೀಪುರಕ್ಕೆ ಹೋದೆ, ಆದರೆ ಅವಳನ್ನು ಹುಡುಕಿಕೊಂಡು ಹೋಗಲಿಲ್ಲ. ಹೊಸ ಸಂಸಾರ, ಯೂ ನೋ, ಇವತ್ತು ನಾಳೆ ಎಂದು ದಿನ ಹೋಗುತ್ತದೆ. ಒಂದು ಸಲ ತವರಿಗೆಂದು ಹಾಸನದ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಮುದುಕಿ ನನ್ನನ್ನು ಬಹಳ ಹೊತ್ತು ನೋಡಿ "ರೈಟ್ರು ಮಗಳಲ್ವಾ ನೀನು?" ಎಂದಳು. ಕೆಂಪಮ್ಮ, ಆವತ್ತು ಆಲದ ಮರದ ಕೆಳಗೆ ಸಣ್ಣಮ್ಮನ ಪಕ್ಕ ಕೂತಿದ್ದವಳು. ಅವಳು ಬರುತ್ತಿದ್ದದ್ದು ಸಣ್ಣಮ್ಮನ ತಿಥಿಯಿಂದ. ಅವಳೇ ಮಾತು ಮುಂದುವರಿಸಿದಳು.

"ನಿಮ್ಮವ್ವನ ಮ್ಯಾಲೆ ಪ್ರಾಣ ಇಟ್ಕಂಡಿದ್ಲು ಕಣವ್ವ. ಆ ಸ್ಟ್ರೈಕಲ್ಲಿ ರೈಟ್ರು ಮನೆಗೆ ಯಾರೂ ಓಗ್ಬಾರ್ದು ಅಂತ ನಾವೆಲ್ಲ ಅಂದ್ರೆ, ಹಬ್ಬಕ್ಕೂ ಜಗಳಕ್ಕೂ ಏನ್ ಸಂಬಂಧ ಅಂತ ನಮ್ಮ ಮ್ಯಾಲೇ ಬಿದ್ಲು. ಹಬ್ಬದ ದಿನ ಓಗ್ಬೋದು ಅಂತ ಒಪ್ಸೋಗಂಟ ಬಿಡ್ಲಿಲ್ಲ. ಹಿಂದಿನ ದಿನ ಗೇಟಿಂದ ಬೇಗ ಎದ್ದು ಓಗ್ಬುಟ್ಲು. ಯಾಕಮ್ಮಿ ಅಂದ್ರೆ, ಕೂಸು ಕರಿಯಾಕೆ ಬತ್ತದೆ, ಬಾಗ್ಲಲ್ಲಿ ನಾನಿರಬೇಕು ಅಂದ್ಲು. ಹಬ್ಬದ ದಿನವೂ ಸೀರೆ ಉಟ್ಟು ಜಗಲೀಲಿ ಕೂತೇ ಇದ್ಲು, ಹೊತ್ತು ಇಳಿಯೋಗಂಟ. ಯಾಕೋ ಕರೀಲೇ ಇಲ್ಲ ನಿಮ್ಮವ್ವ."

ಹಾಸನ ಬರುವವರೆಗೆ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ. ಮನೆಯಲ್ಲಿ ಅವ್ವ ಒಬ್ಬಳೇ ಇದ್ದಳು. ಅಜ್ಜಿ ಹೋಗಿ ಐದು ವರ್ಷವಾಗಿತ್ತು, ಅಪ್ಪ ಇನ್ನೂ ವರ್ಕ್ಸಿನಿಂದ ಬಂದಿರಲಿಲ್ಲ. ಸಣ್ಣಮ್ಮ ತೀರಿಹೋದದ್ದನ್ನು ಹೇಳಿದೆ. ಅವ್ವ ಕೂತ ಕಡೆಯೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ, ಬೇರೆ ಏನನ್ನೋ ಯೋಚಿಸುತ್ತಿರುವವಳ ಹಾಗೆ ಕೇಳಿದಳು:

"ಆವತ್ತು ಅವ್ಳು ಬತ್ತಿರಲಿಲ್ಲ, ಅಲ್ವೇನೆ ಜಯಾ? ಕರ್ದಿದ್ರೂನೂ?"

"ಇಲ್ಲ ಕಣವ್ವ. ಬತ್ತಿರಲಿಲ್ಲ."

"ಊಂ," ಎಂದಳು ಅವ್ವ. ಎದ್ದು ನನಗೆ ಕಾಫಿಗೆ ನೀರಿಡಲು ಹೋದಳು.